ಶ್ರುತಿ ಅಲುಗುವಲ್ಲಿ ಕಿವಿ ಇಡಿ

ಶ್ರುತಿ ಕೂದಲೆಳೆಯಷ್ಟು ಜಾರಿದರೂ ನಮ್ಮ ಕಛೇರಿ ಕೇಳುಗರ ಹುಬ್ಬು ಗಂಟಿಕ್ಕುತ್ತದೆ. ತಂಬೂರಿ ಸರಿಯಾಗಿ ಕೂಡುವವರೆಗೆ ಹಾಡು ಶುರುವಾಗಬಾರದು ಎಂಬುದು ನಮ್ಮ ಕಿವಿಗೆ ಆಗಿರುವ ಸಂಸ್ಕಾರ. ಹೀಗೆ ಪಳಗಿದವರು ಬೋರ್ಡ್ಸ್ ಆಫ್ ಕೆನಡಾ ಜೋಡಿಯ ‘ಮ್ಯೂಸಿಕ್ ಹ್ಯಾಸ್ ದಿ ರೈಟ್ ಟು ಚಿಲ್ಡ್ರನ್’ ಹಾಕಿದರೆ ಮೊದಲ ನಿಮಿಷದಲ್ಲೇ ತಕರಾರು ತೆಗೆಯುತ್ತಾರೆ. ಸ್ವರ ನಿಂತಲ್ಲಿ ನಿಲ್ಲುತ್ತಿಲ್ಲ, ಓಲಾಡುತ್ತಿದೆ, ಮಷೀನು ಕೆಟ್ಟಿದೆಯೇ? ತಕರಾರು ಎದ್ದಿರುವುದು ಸರಿಯಾದ ಜಾಗದಲ್ಲೇ. ಈ ರೆಕಾರ್ಡಿನ ರಸವೆಲ್ಲ ಇರುವುದು ಆ ಓಲಾಟದಲ್ಲಿ. ಆದ್ದರಿಂದ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೊಸಬರಾದವರಿಗೆ, ಅದರಲ್ಲೂ ಶ್ರುತಿಜ್ಞಾನ ಇರುವವರಿಗೆ, ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಹೆಸರು ನೋಡಿ ಇವರನ್ನು ಕೆನಡಾದವರು ಎಂದುಕೊಳ್ಳಬೇಡಿ. ಮೈಕೆಲ್ ಸ್ಯಾಂಡಿಸನ್, ಮಾರ್ಕಸ್ ಇಯೋನ್ ಸ್ಕಾಟ್ಲೆಂಡಿನ ಅಣ್ಣತಮ್ಮಂದಿರು. ಬಾಲ್ಯದಲ್ಲಿ ಸ್ವಲ್ಪ ಕಾಲ ಕೆನಡಾದಲ್ಲಿದ್ದರು. ಅಲ್ಲಿನ ನ್ಯಾಷನಲ್ ಫಿಲ್ಮ್ ಬೋರ್ಡ್ ತೆಗೆದ ಸಾಕ್ಷ್ಯಚಿತ್ರಗಳನ್ನು ನೋಡುತ್ತ ಬೆಳೆದವರು. ತಂಡದ ಹೆಸರು ಬಂದದ್ದೂ ಅದರಿಂದಲೇ. 1939ರಲ್ಲಿ ಆ ಸಂಸ್ಥೆ ಶುರುವಾದಾಗ ಅದರ ಮೊದಲ ಮುಖ್ಯಸ್ಥನಾದ ಜಾನ್ ಗ್ರಿಯರ್ಸನ್ ಕೂಡ ಸ್ಕಾಟ್ಲೆಂಡಿನವನು. ನಮ್ಮಲ್ಲಿ ಚಿತ್ರಮಂದಿರದ ದೀಪ ಆರಿದ ಮೇಲೆ, ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ಫಿಲ್ಮ್ಸ್ ಡಿವಿಷನ್ ಚಿತ್ರಗಳನ್ನು ನೆನೆಸಿಕೊಳ್ಳಿ. ಗೀಚುಬಿದ್ದ ರೀಲು, ಕರಕರ ಸದ್ದು, ಹಿನ್ನೆಲೆಯಲ್ಲಿ ಹಿಗ್ಗಿ ಕುಗ್ಗುವ ವಾದ್ಯ. ಚಿತ್ರ ಯಾವುದರ ಬಗ್ಗೆ ಇತ್ತೆಂಬುದು ಮರೆತುಹೋಗಿರುತ್ತದೆ, ಆ ಸದ್ದಿನ ಬಣ್ಣ ಮಾತ್ರ ಉಳಿದಿರುತ್ತದೆ. ಈ ಸೋದರರು ಬೇಕೆಂದೇ ಕಟ್ಟಿದ್ದು ಆ ಬಣ್ಣವನ್ನು.

ಓಲಾಟ ಹೇಗೆ ಹುಟ್ಟುತ್ತದೆಂದು ತಿಳಿದಿದ್ದರೆ ಕೇಳುವುದು ಸುಲಭ. ಟೇಪು ಒಂದೇ ವೇಗದಲ್ಲಿ ಓಡಿದರೆ ಸ್ವರ ಸ್ಥಿರವಾಗಿರುತ್ತದೆ. ಮೋಟಾರು ತಡವರಿಸಿದರೆ, ರಬ್ಬರ್ ಬೆಲ್ಟು ಸಡಿಲವಾದರೆ, ಟೇಪು ಹಿಗ್ಗಿದ್ದರೆ ವೇಗ ಏರಿಳಿಯುತ್ತದೆ. ವೇಗದ ಜೊತೆಗೆ ಸ್ವರವೂ ಏರಿಳಿಯುತ್ತದೆ. ನಿಧಾನದ ಏರಿಳಿತವನ್ನು ರೆಕಾರ್ಡಿಂಗ್‌ನವರು ‘ವೌ’ ಎನ್ನುತ್ತಾರೆ, ಚುರುಕಾದ ನಡುಕವನ್ನು ‘ಫ್ಲಟರ್’ ಎನ್ನುತ್ತಾರೆ. ಕ್ಯಾಸೆಟ್ ಕಾಲದವರು ‘ಟೇಪು ಎಳೀತಿದೆ’ ಎನ್ನುತ್ತಿದ್ದುದೂ ಇದನ್ನೇ.

ಇಲ್ಲಿ ನಮ್ಮ ಕಿವಿಗೆ ಒಂದು ಎಚ್ಚರ ಬೇಕು. ಈ ಅಲುಗಾಟವನ್ನು ಗಮಕವೆಂದು ಕೇಳಬೇಡಿ. ಕಂಪಿತ, ಜಾರು, ಯಾವುದೇ ಆಗಲಿ, ಗಮಕಕ್ಕೆ ಹೋಗಿ ಮುಟ್ಟುವ ಒಂದು ಸ್ವರಸ್ಥಾನ ಇರುತ್ತದೆ. ಹಾಡುವವರ ಮನಸ್ಸು ಅದರ ಹಿಂದಿರುತ್ತದೆ. ಟೇಪಿನ ಓಲಾಟ ಎಲ್ಲಿಗೂ ಹೊರಟದ್ದಲ್ಲ. ಅಲ್ಲಿ ನುಡಿಯುತ್ತಿರುವುದು ಸವಕಲು ವಸ್ತುವಿನ ವಯಸ್ಸು. ಸಂಗತಿಗೋಸ್ಕರ ಕಾಯುವುದನ್ನು ಬಿಟ್ಟು ಸ್ವರದ ಬಾಲವನ್ನು ಹಿಡಿಯಿರಿ: ಅದು ಹುಟ್ಟಿದ ಗಳಿಗೆಗಿಂತ ಕರಗುವ ಗಳಿಗೆಯಲ್ಲಿ ಏನಾಗುತ್ತಿದೆ ಎಂದು ನೋಡಿ.

ಶುರು ಮಾಡಲು ‘ರಾಯ್‌ಜಿಬಿವ್’ ಎಂಬ ತುಣುಕು ಸಾಕು. ನಾವು ಶಾಲೆಯಲ್ಲಿ ವಿಬ್‌ಗಯಾರ್ ಎಂದು ಉರುಹೊಡೆದ ಕಾಮನಬಿಲ್ಲಿನ ಬಣ್ಣಗಳನ್ನು ಪಶ್ಚಿಮದ ಮಕ್ಕಳು ಇನ್ನೊಂದು ತುದಿಯಿಂದ ಎಣಿಸಿ ಹೀಗೆ ಕಲಿಯುತ್ತಾರೆ. ಎರಡೂವರೆ ನಿಮಿಷದ ತುಣುಕು. ಮೊದಲು ದಪ್ಪನೆಯ ಬೇಸ್ ಸಿಂಥಸೈಜರ್ ಬರುತ್ತದೆ, ಆಮೇಲೆ ಡ್ರಮ್ಮು, ಅದರ ಮೇಲೆ ಕೀಬೋರ್ಡಿನ ಸರಳ ಧಾಟಿ. ಮೊದಲ ಸಲ ಧಾಟಿಯನ್ನೇ ಕೇಳಿ. ಎಷ್ಟೆಂದರೂ ಅದು ಗುನುಗುವಂಥದ್ದು. ಎರಡನೆಯ ಸಲ ಧಾಟಿಯನ್ನು ಬಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಿ, ಅದರ ಅಂಚು ಎಷ್ಟು ಸವೆದಿದೆ ಎಂದು ಗಮನಿಸಿ. ಮೂರನೆಯ ಸಲ ಮೇಲಿನ ಸ್ವರಗಳು ತುಸು ತಗ್ಗಿ ಮತ್ತೆ ಏಳುವುದರತ್ತ ಮಾತ್ರ ಗಮನವಿಡಿ. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ನುಡಿಸಿದ್ದರೆ ಇದೇ ಧಾಟಿ ಜಾಹೀರಾತಿನ ರಾಗವಾಗಿಬಿಡುತ್ತಿತ್ತು. ಅದು ಗಂಟಲು ಕಟ್ಟಿಸುವುದು ಸವೆದಿರುವುದರಿಂದ.

ಇನ್ನು ತಾಳ. ಈ ರೆಕಾರ್ಡಿನ ನಡೆಗೆ ಹೇಳುವ ಹೆಸರು ಡೌನ್‌ಟೆಂಪೊ, ಕುಣಿತದ ನೆಲದಿಂದ ಇಳಿದು ಬಂದ ಲಯ. ಕುಣಿತಕ್ಕೆಂದಿರುವ ಹೌಸ್ ಸಂಗೀತ ನಿಮಿಷಕ್ಕೆ ಸುಮಾರು 120 ಪೆಟ್ಟಿಗೆ ಓಡಿದರೆ ಇಲ್ಲಿ ನಡೆ ಅದಕ್ಕಿಂತ ಎಷ್ಟೋ ನಿಧಾನ, ಹಿಪ್‌ಹಾಪ್‌ನಿಂದ ಬಂದ ಭಾರವಾದ ಡ್ರಮ್ಮು. ಈ ಪೆಟ್ಟುಗಳು ಗಟ್ಟಿಯಾಗಿ ನಿಂತಿರುವುದರಿಂದಲೇ ಮೇಲಿನ ಸ್ವರಗಳ ಅಲುಗಾಟ ನಮಗೆ ಕಾಣುವುದು. ಎರಡೂ ಓಲಾಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ‘ಟೆಲಿಫೇಸಿಕ್ ವರ್ಕ್‌ಶಾಪ್’ನಲ್ಲಂತೂ ಮನುಷ್ಯರ ಮಾತನ್ನೇ ಚೂರುಚೂರು ಮಾಡಿ ತಾಳಕ್ಕೆ ಸೇರಿಸಿದ್ದಾರೆ. ಇನ್ನೇನು ಅರ್ಥವಾಗುತ್ತದೆ ಎನ್ನುವಷ್ಟರಲ್ಲಿ ಅಕ್ಷರ ಕತ್ತರಿಸಿಹೋಗುತ್ತದೆ. ನನ್ನ ಮಟ್ಟಿಗೆ ಇಡೀ ರೆಕಾರ್ಡಿನ ಅತ್ಯಂತ ದೊಡ್ಡ ಕೆಲಸ ಇದೇ.

ದನಿಗಳ ಬಗ್ಗೆ ಇನ್ನೂ ಒಂದು ಮಾತು. ‘ದಿ ಕಲರ್ ಆಫ್ ದಿ ಫೈರ್’ನಲ್ಲಿ ಒಂದು ಮಗು ‘ಐ ಲವ್ ಯೂ’ ಎನ್ನಲು ಅಕ್ಷರ ಕೂಡಿಸುತ್ತ ಒದ್ದಾಡುತ್ತದೆ. ಪ್ರತಿಧ್ವನಿಯಲ್ಲಿ ಆ ಮಾತು ಹರಡಿಹೋಗುತ್ತದೆ. ‘ಅಕ್ವೇರಿಯಸ್’ನಲ್ಲಿ ಒಂದು ದನಿ ಅಂಕಿಗಳನ್ನು ಎಣಿಸುತ್ತದೆ, ಮೊದಮೊದಲು ಕ್ರಮವಾಗಿ, ಬರಬರುತ್ತ ಕ್ರಮ ತಪ್ಪಿ. ನೀವೂ ಮನಸ್ಸಿನಲ್ಲಿ ಜೊತೆಗೆ ಎಣಿಸಿ. ಎಲ್ಲಿ ಕೈಬಿಟ್ಟಿತೋ ಆ ಜಾಗದಲ್ಲಿ ಸಣ್ಣ ದಿಗಿಲು ಹುಟ್ಟುತ್ತದೆ. ಮುಖಪುಟದ ಚಿತ್ರದಲ್ಲೂ ಅದೇ ದಿಗಿಲಿದೆ: ಹಸಿರುನೀಲಿ ಛಾಯೆಯಲ್ಲಿ ನಿಂತ ಏಳು ಜನ, ಯಾರಿಗೂ ಮುಖವಿಲ್ಲ. ಇದನ್ನು ಹಿತವಾದ ನೆನಪಿನ ಸಂಗೀತ ಎಂದಷ್ಟೇ ಹೇಳುವವರು ಅರ್ಧವನ್ನಷ್ಟೇ ಕೇಳಿರುತ್ತಾರೆ.

ದೊಡ್ಡ ರಚನೆಗಳ ನಡುವೆ ಒಂದೊಂದೂವರೆ ನಿಮಿಷದ ತುಣುಕುಗಳಿವೆ. ‘ಓಲ್ಸನ್’ ಅಂಥದ್ದು, ತಾಳವೇ ಇಲ್ಲ, ಕೀಬೋರ್ಡಿನ ಕೆಲವು ಸ್ವರಗಳು ಮಾತ್ರ. ಇವನ್ನು ದಾಟಿಸಿಕೊಂಡು ಹೋಗಬೇಡಿ. ಆಲಾಪನೆಯನ್ನು ಬಿಟ್ಟು ಬರೀ ಕೃತಿ ಕೇಳುವವರನ್ನು ಕಂಡರೆ ನಮಗೆ ಏನನ್ನಿಸುತ್ತದೋ ಹಾಗೆಯೇ ಇದೂ. ಹಾಗೆಂದು ಎಲ್ಲವೂ ಒಂದೇ ಎತ್ತರದಲ್ಲಿಲ್ಲ. ‘ರೂ ದ ವರ್ಲ್’ ಇನ್ನೂ ಬೇಗ ಮುಗಿಯಬಹುದಿತ್ತು.

ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಬೇಸ್ ಹೋಗುತ್ತದೆ, ಅದರ ಜೊತೆಗೆ ಅರ್ಧ ರೆಕಾರ್ಡೇ ಹೋಗುತ್ತದೆ. ಒಂದು ಮಟ್ಟದ ಹೆಡ್‌ಫೋನ್ ಆದರೂ ಬೇಕು. ದನಿ ಜೋರಾಗಿಡಬೇಡಿ. 1978ರಲ್ಲಿ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಎಂಬ ರೆಕಾರ್ಡು ತಂದಾಗ ಸಂಗೀತಗಾರ ಬ್ರಯಾನ್ ಈನೋ, ಸುತ್ತಲಿನ ಗಾಳಿಯಂತೆ ಹರಡಿಕೊಳ್ಳುವ ಆಂಬಿಯೆಂಟ್ ಸಂಗೀತ ಕಿವಿಗೊಟ್ಟು ಕೇಳುವವರಿಗೂ ಸಲ್ಲಬೇಕು, ಲಕ್ಷ್ಯ ಕೊಡದವರಿಗೂ ಸಲ್ಲಬೇಕು ಎಂಬ ಆಶಯ ಇಟ್ಟುಕೊಂಡಿದ್ದ. ಈ ರೆಕಾರ್ಡಿಗೂ ಆ ಎರಡೂ ದಾರಿ ಇದೆ. ಆದರೆ ಮೊದಲ ಕೇಳ್ವಿಕೆ ಕೆಲಸದ ನಡುವೆ ಬೇಡ. ಗಂಟೆಗೆ ಸ್ವಲ್ಪ ಮೇಲ್ಪಟ್ಟ ಸಮಯ ಎತ್ತಿಟ್ಟು, ಅನುಕ್ರಮ ಕದಡದೆ ಕೇಳಿ. ಶಫಲ್‌ಗೆ ಹಾಕಿದರೆ ಚಿಕ್ಕ ತುಣುಕುಗಳು ಅನಾಥವಾಗುತ್ತವೆ.

ಇದು ಒಗ್ಗಿದ ಮೇಲೆ ಅವರದೇ 2002ರ ‘ಜಿಯೋಗಡ್ಡಿ’ಗೆ ಹೋಗಿ, ಅದಕ್ಕೆ ಮುಂಚೆ ಬೇಡ. ಅಲ್ಲಿ ಟೇಪಿನ ಇದೇ ಓಲಾಟವನ್ನು ಅವರು ಭಯ ಹುಟ್ಟಿಸಲು ಬಳಸುತ್ತಾರೆ. ಮಕ್ಕಳ ದನಿ ಅಲ್ಲೂ ಇದೆ, ಆದರೆ ಆ ದನಿಯನ್ನು ನಂಬಬಹುದೇ ಎಂಬುದನ್ನು ನೀವೇ ಕೇಳಿ ತೀರ್ಮಾನಿಸಬೇಕು.