ನರ್ಸಿಂಗ್ ಹೋಮಿನ ಗುಣಮಟ್ಟ: ನಾವು ಅಳೆಯುತ್ತಿರುವುದೇನು?

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಕಾಡುಗೋಡಿಯಲ್ಲಿ ‘ನರ್ಸಿಂಗ್ ಹೋಂ’ ಎಂಬ ಪದಕ್ಕೆ ಈಗ ಎರಡು ಅರ್ಥಗಳಿವೆ. ಹಳೆಯ ಅರ್ಥ ಎಲ್ಲರಿಗೂ ಗೊತ್ತು: ಹೆರಿಗೆ, ಜ್ವರ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳು ನಡೆಯುವ ಕೆಲವೇ ಹಾಸಿಗೆಗಳ ಖಾಸಗಿ ಆಸ್ಪತ್ರೆ. ವೈಟ್‌ಫೀಲ್ಡ್ ಸುತ್ತ ಮಾಹಿತಿ ತಂತ್ರಜ್ಞಾನದ ಕಂಪನಿಗಳು ಬೆಳೆದ ಮೇಲೆ ಎರಡನೆಯ ಅರ್ಥ ಬಂದಿತು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ, ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ, ಪಾರ್ಶ್ವವಾಯು ಬಡಿದ ಅಥವಾ ಮರೆವಿನ ಕಾಯಿಲೆಗೆ ತುತ್ತಾದ ಹಿರಿಯರನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವ ಸ್ಥಳವನ್ನೂ ಜನ ನರ್ಸಿಂಗ್ ಹೋಂ ಎಂದೇ ಕರೆಯುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈ ಪಟ್ಟಿಯಲ್ಲಿ ಕೆಲಸದಲ್ಲಿದ್ದಾರೆ. ಅವರು ಕೇಳುವ ಪ್ರಶ್ನೆ ಒಂದೇ: “ಸಾರ್, ಯಾವುದು ಒಳ್ಳೆಯದು ಎಂದು ತಿಳಿಯುವುದು ಹೇಗೆ?”

ಭೌತವಿಜ್ಞಾನದ ಅಧ್ಯಾಪಕನಿಗೆ ಇದು ಹೊರಗಿನ ವಿಷಯ ಎನಿಸಬಹುದು. ಆದರೆ ಇದು ಮೂಲತಃ ಮಾಪನದ ಪ್ರಶ್ನೆ. ಗುಣಮಟ್ಟವನ್ನು ಅಂಕ, ನಕ್ಷತ್ರ, ಪ್ರಮಾಣಪತ್ರಗಳಲ್ಲಿ ಹೇಳುವ ಪದ್ಧತಿಗಳು ಈಗ ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲು ಪ್ರಯೋಗಶಾಲೆಯ ಮೊದಲ ವರ್ಷದ ಪಾಠಗಳನ್ನೇ ಮರೆತಿವೆ ಎಂಬುದು ನನ್ನ ಆಕ್ಷೇಪ.

ಮೊದಲು ಕಾನೂನನ್ನು ನೋಡೋಣ. ಕರ್ನಾಟಕದಲ್ಲಿ 1976ರಲ್ಲೇ ಖಾಸಗಿ ನರ್ಸಿಂಗ್ ಹೋಂಗಳ ನಿಯಂತ್ರಣ ಕಾಯಿದೆ ಇತ್ತು. ಅದರ ಜಾಗದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಬಂದಿತು. 2017ರಲ್ಲಿ ಅದಕ್ಕೆ ತಿದ್ದುಪಡಿ ತರಲು ಹೊರಟಾಗ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿರಬಹುದು. ಈ ಕಾಯಿದೆ ನೋಂದಣಿ, ಕಟ್ಟಡ, ಸಿಬ್ಬಂದಿ, ಸಲಕರಣೆ, ದರಪಟ್ಟಿಯ ಪ್ರದರ್ಶನ ಮುಂತಾದವನ್ನು ಕೇಳುತ್ತದೆ. ಚಿಕಿತ್ಸೆಯಿಲ್ಲದೆ ಊಟ, ವಸತಿ, ಆರೈಕೆಗಳನ್ನಷ್ಟೇ ನೀಡುವ ಹಿರಿಯರ ಮನೆಗಳಾದರೋ ಬೇರೆ ಇಲಾಖೆಯ ವಿಷಯ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಅಗತ್ಯವೇ ಹೌದು. ಆದರೆ ಆರೈಕೆ ನಡೆಯಲು ಬೇಕಾದ ಸಾಮಗ್ರಿ ಇದೆ ಎಂದಷ್ಟೇ ಅದು ಹೇಳುತ್ತದೆ. ಆರೈಕೆ ನಡೆಯುತ್ತಿದೆ ಎನ್ನುವುದಿಲ್ಲ.

ಈ ವ್ಯತ್ಯಾಸವನ್ನು ಮೊದಲು ಸ್ಪಷ್ಟವಾಗಿ ವಿಂಗಡಿಸಿದವರು ಅವೇಡಿಸ್ ಡೊನಬೆಡಿಯನ್. 1966ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಅವರು ವೈದ್ಯಕೀಯ ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬಹುದೆಂದರು. ಕಟ್ಟಡ, ಸಿಬ್ಬಂದಿ, ಸಲಕರಣೆಗಳು ‘ರಚನೆ’. ರೋಗಿಗೆ ನಿಜವಾಗಿ ಏನು ಮಾಡಲಾಗುತ್ತದೆ ಎಂಬುದು ‘ಪ್ರಕ್ರಿಯೆ’. ರೋಗಿಗೆ ಏನಾಯಿತು ಎಂಬುದು ‘ಫಲಿತಾಂಶ’. ನಮ್ಮ ಕಾನೂನು ಹೆಚ್ಚಾಗಿ ಮೊದಲನೆಯದನ್ನು ನೋಡುತ್ತದೆ. ಮನೆಯವರು ಕೇಳುವುದು ಮೂರನೆಯದನ್ನು: ಎಷ್ಟು ಜನ ಗುಣವಾದರು, ಎಷ್ಟು ಜನ ತೀರಿಕೊಂಡರು? ಇದು ಸಹಜವಾದ ಪ್ರಶ್ನೆ. ಆದರೆ ಉತ್ತರ ತೋರುವಷ್ಟು ಸರಳವಲ್ಲ.

ಇತಿಹಾಸದ ಒಂದು ಉದಾಹರಣೆ ತರಗತಿಗೂ ಉಪಯೋಗಕ್ಕೆ ಬರುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಅವರು ಆಸ್ಪತ್ರೆಗಳ ಬಗ್ಗೆ ಬರೆದ ಗ್ರಂಥದ 1863ರ ಆವೃತ್ತಿಯಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇಕಡಾ 90.84 ಎಂದು ಅಚ್ಚಾಯಿತು. ಲೆಕ್ಕ ಮಾಡಿದವರು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್. ನೂರಕ್ಕೆ ತೊಂಬತ್ತು ರೋಗಿಗಳು ಸಾಯುವ ಆಸ್ಪತ್ರೆಗೆ ಯಾರು ತಾನೆ ಹೋದಾರು? ವೈದ್ಯರು ಸಿಟ್ಟಾದರು. ಲೆಕ್ಕ ಹೀಗಿತ್ತು: 1861ರ ಇಡೀ ವರ್ಷದಲ್ಲಿ ಸತ್ತವರು 3,828. ಅದನ್ನು ಭಾಗಿಸಿದ್ದು 1861ರ ಏಪ್ರಿಲ್ 8ರ ಒಂದು ದಿನ ಆಸ್ಪತ್ರೆಗಳಲ್ಲಿದ್ದ 4,214 ರೋಗಿಗಳಿಂದ. ಅಂಶದಲ್ಲಿ ವರ್ಷ, ಛೇದದಲ್ಲಿ ದಿನ!

ಇಲ್ಲಿ ಆಯಾಮಗಳನ್ನು ಪರೀಕ್ಷಿಸಿ. ಈ ಭಾಗಲಬ್ಧದ ಅರ್ಥ ‘ಒಂದು ಹಾಸಿಗೆಗೆ ಒಂದು ವರ್ಷಕ್ಕೆ ಇಷ್ಟು ಸಾವು’ ಎಂದು. ಅದರ ಏಕಮಾನ ‘ಪ್ರತಿ ವರ್ಷಕ್ಕೆ’. ಶೇಕಡಾ ಎಂಬುದು ಏಕಮಾನವಿಲ್ಲದ ಶುದ್ಧ ಸಂಖ್ಯೆ. ರೋಗಿಯೊಬ್ಬ ಸರಾಸರಿ 36 ದಿನ ಇರುತ್ತಾನೆ ಎಂದಿಟ್ಟುಕೊಂಡರೆ, ಒಂದು ಹಾಸಿಗೆಯಲ್ಲಿ ವರ್ಷಕ್ಕೆ ಹತ್ತು ಜನ ಬಂದು ಹೋಗುತ್ತಾರೆ. ಆಗ ರೋಗಿಗಳ ಲೆಕ್ಕದಲ್ಲಿ ಮರಣ ಶೇಕಡಾ 9ರಷ್ಟು ಮಾತ್ರ. ಫಾರ್ ದಡ್ಡರಲ್ಲ, ಅವರ ಪ್ರಮಾಣಕ್ಕೆ ತನ್ನದೇ ಆದ ಅರ್ಥವಿದೆ. ತಪ್ಪು ಇರುವುದು ಅದಕ್ಕೆ ‘ಶೇಕಡಾ’ ಎಂಬ ಅಂಗಿ ತೊಡಿಸಿದ್ದರಲ್ಲಿ. ಇಂದಿಗೂ ‘ನಮ್ಮಲ್ಲಿ ಶೇಕಡಾ 98 ಯಶಸ್ಸು’ ಎಂಬ ಜಾಹೀರಾತು ಕಂಡಾಗ ಛೇದದಲ್ಲಿ ಯಾರಿದ್ದಾರೆ ಎಂದು ಕೇಳುವವರು ಕಡಿಮೆ. ಸಾಯುವ ಸ್ಥಿತಿಗೆ ಬಂದವರನ್ನು ಹಿಂದಿನ ರಾತ್ರಿಯೇ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿಬಿಡುವ ಮನೆಯಲ್ಲಿ ಸಾವಿನ ಸಂಖ್ಯೆ ಸೊನ್ನೆ. ಕೊನೆಯ ಗಳಿಗೆಯವರೆಗೂ ಕೈಹಿಡಿದು ನೋಡಿಕೊಂಡ ಮನೆಯ ಲೆಕ್ಕ ಕೆಟ್ಟದಾಗಿ ಕಾಣುತ್ತದೆ.

ಛೇದ ಸರಿಯಾಗಿದ್ದರೂ ಇನ್ನೊಂದು ತೊಡಕಿದೆ. ಗೈಗರ್ ಗಣಕದಿಂದ ವಿಕಿರಣವನ್ನು ಎಣಿಸಿದ ವಿದ್ಯಾರ್ಥಿಗಳಿಗೆ ಪಾಯ್ಸಾನ್ ವಿತರಣೆ ಗೊತ್ತು: ಎಣಿಕೆ N ಆದರೆ ಅದರ ಅನಿಶ್ಚಿತತೆ ಸುಮಾರು √N. ಒಂದು ಮನೆಯಲ್ಲಿ ವರ್ಷಕ್ಕೆ 4 ಹಿರಿಯರು ಬಿದ್ದು ಮೂಳೆ ಮುರಿದುಕೊಂಡರು, ಪಕ್ಕದ ಅಷ್ಟೇ ಹಾಸಿಗೆಗಳ ಮನೆಯಲ್ಲಿ 6 ಎನ್ನೋಣ. ಎರಡನೆಯದು ಒಂದೂವರೆ ಪಟ್ಟು ಕೆಟ್ಟದ್ದೇ? ವ್ಯತ್ಯಾಸ 2. ಆ ವ್ಯತ್ಯಾಸದ ಅನಿಶ್ಚಿತತೆ √(4+6), ಅಂದರೆ 3.2ರ ಹತ್ತಿರ. ಏನೂ ಹೇಳಲಾಗದು. ಇದೇ ದರ ಮುಂದುವರಿದರೆ n ವರ್ಷಗಳಲ್ಲಿ ವ್ಯತ್ಯಾಸ 2n, ಅನಿಶ್ಚಿತತೆ √(10n). ವ್ಯತ್ಯಾಸವು ಅನಿಶ್ಚಿತತೆಯ ಎರಡು ಪಟ್ಟಾಗಲು n = 10 ಆಗಬೇಕು. ಹತ್ತು ವರ್ಷ! ಅಷ್ಟರಲ್ಲಿ ಮಾಲೀಕರು, ದಾದಿಯರು, ಕಟ್ಟಡ ಎಲ್ಲವೂ ಬದಲಾಗಿರುತ್ತವೆ. ತಾಯಿಯನ್ನು ಎಲ್ಲಿ ಸೇರಿಸುವುದೆಂದು ಕೇಳಿದವನಿಗೆ ಈ ಉತ್ತರದಿಂದ ಪ್ರಯೋಜನವಿಲ್ಲ. ಸಣ್ಣ ಮನೆಗಳನ್ನು ಇಂತಹ ಎಣಿಕೆಗಳಿಂದ ಶ್ರೇಣೀಕರಿಸುವುದು ನಾಣ್ಯ ಚಿಮ್ಮುವುದಕ್ಕಿಂತ ತುಸು ಮೇಲು, ಅಷ್ಟೆ.

ಹಾಗಾದರೆ ಪ್ರಕ್ರಿಯೆಯತ್ತ ತಿರುಗೋಣ. ಹಾಸಿಗೆ ಹಿಡಿದವರ ದೊಡ್ಡ ಶತ್ರು ಹಾಸಿಗೆ ಹುಣ್ಣು. ಅದರ ಹಿಂದಿರುವುದು ಹೈಸ್ಕೂಲಿನ ಸೂತ್ರ: ಒತ್ತಡ = ಬಲ ÷ ವಿಸ್ತೀರ್ಣ. 60 ಕಿಲೋಗ್ರಾಂ ರಾಶಿಯ ವ್ಯಕ್ತಿಯ ಭಾರ ಸುಮಾರು 588 ನ್ಯೂಟನ್. ಮಲಗಿದಾಗ ಹಾಸಿಗೆಗೆ ತಾಗುವ ವಿಸ್ತೀರ್ಣ 0.2 ಚದರ ಮೀಟರ್ ಎಂದುಕೊಂಡರೆ ಸರಾಸರಿ ಒತ್ತಡ 2,940 ಪಾಸ್ಕಲ್, ಅಂದರೆ 22 ಮಿ.ಮೀ. ಪಾದರಸ. ಚರ್ಮದ ಲೋಮನಾಳಗಳಿಗೆ ರಕ್ತ ಪ್ರವೇಶಿಸುವ ತುದಿಯಲ್ಲಿ ಒತ್ತಡ ಸುಮಾರು 32 ಮಿ.ಮೀ. ಎಂದು ಲ್ಯಾಂಡಿಸ್ 1930ರಲ್ಲಿ ಅಳೆದಿದ್ದರು. ಸರಾಸರಿ ಅದಕ್ಕಿಂತ ಕಡಿಮೆಯಿದೆ, ಚಿಂತೆಯಿಲ್ಲ ಎನ್ನುವಿರಾ? ದೇಹ ಸರಾಸರಿಯ ಮೇಲೆ ಮಲಗುವುದಿಲ್ಲ. ಕಾಲಿನ 2 ಕಿಲೋಗ್ರಾಮಿನಷ್ಟು ಭಾರ ಹಿಮ್ಮಡಿಯ 10 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿದ್ದರೆ ಅಲ್ಲಿನ ಒತ್ತಡ 147 ಮಿ.ಮೀ. ದಾಟುವ ಹಂತಕ್ಕೆ ಬರುತ್ತದೆ. ನಾಳಗಳು ಮುಚ್ಚಿಕೊಳ್ಳುತ್ತವೆ, ಅಂಗಾಂಶಕ್ಕೆ ಆಮ್ಲಜನಕ ತಲುಪುವುದಿಲ್ಲ. ಆರೋಗ್ಯವಂತರು ನಿದ್ದೆಯಲ್ಲೂ ಹೊರಳುತ್ತಾರೆ. ಪಾರ್ಶ್ವವಾಯು ಬಡಿದವರಿಗೆ ಬೇರೊಬ್ಬರು ಮಗ್ಗುಲು ಬದಲಿಸಬೇಕು.

ರೂಢಿಯ ನಿಯಮ ಎರಡು ಗಂಟೆಗೊಮ್ಮೆ. ಇದು ನಿಸರ್ಗದ ಸ್ಥಿರಾಂಕವೇನಲ್ಲ. ಒಳ್ಳೆಯ ದಟ್ಟ ಫೋಮಿನ ಹಾಸಿಗೆಯಿದ್ದರೆ ಎರಡು, ಮೂರು, ನಾಲ್ಕು ಗಂಟೆಗಳ ಅಂತರಗಳಲ್ಲಿ ಫಲಿತಾಂಶ ಭಿನ್ನವಾಗಲಿಲ್ಲ ಎಂದು ಅಮೆರಿಕ ಮತ್ತು ಕೆನಡಾಗಳ ನರ್ಸಿಂಗ್ ಹೋಂಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎರಡು ಗಂಟೆಯ ನಿಯಮವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಹಾಸಿಗೆ ಹಿಡಿದವರು 10 ಜನ. ದಿನಕ್ಕೆ ತಲಾ 12 ಸಲ. ತಿಂಗಳಿಗೆ 3,600 ಸಂದರ್ಭಗಳು. ಇವುಗಳಲ್ಲಿ ಶೇಕಡಾ 90 ಸಮಯಕ್ಕೆ ನಡೆದಿದ್ದರೆ ಅನಿಶ್ಚಿತತೆ √(0.9×0.1÷3600) = 0.005. ಅಂದರೆ ಕೇವಲ ಅರ್ಧ ಶೇಕಡಾ. ಹತ್ತು ವರ್ಷದ ಬೀಳುವಿಕೆಯ ಎಣಿಕೆ ಕೊಡಲಾಗದ ನಿಖರತೆಯನ್ನು ಒಂದು ತಿಂಗಳ ಮಗ್ಗುಲು ಬದಲಾವಣೆಯ ಎಣಿಕೆ ಕೊಡುತ್ತದೆ.

ಆದರೆ ಎಣಿಸುವವರು ಯಾರು? ಇದೇ ತೊಡಕಿನ ಗಂಟು. ಮಗ್ಗುಲು ಬದಲಿಸಿದ ಚಾರ್ಟ್ ತುಂಬುವವರು ಮಗ್ಗುಲು ಬದಲಿಸಬೇಕಾದವರೇ. ಪಾಳಿ ಮುಗಿಯುವಾಗ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಆರು ಗುರುತು ಹಾಕಿಬಿಟ್ಟರೆ 3,600 ದಾಖಲೆಗಳೂ ಸುಳ್ಳೇ. ಯಾದೃಚ್ಛಿಕ ದೋಷ ಎಣಿಕೆ ಹೆಚ್ಚಿದಂತೆ ಕರಗುತ್ತದೆ. ವ್ಯವಸ್ಥಿತ ದೋಷ ಎಷ್ಟು ಎಣಿಸಿದರೂ ಕರಗದು. ಸೊನ್ನೆ ತಪ್ಪಿದ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ನೂರು ಸಲ ಅಳೆದಂತೆ. (ಆಯಾಗಳನ್ನು ದೂರುವ ಮುನ್ನ ರಾತ್ರಿ ಪಾಳಿಯಲ್ಲಿ ಒಬ್ಬರ ಪಾಲಿಗೆ ಎಷ್ಟು ಹಾಸಿಗೆಗಳು ಎಂದು ಕೇಳಬೇಕು. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.)

ಅಮೆರಿಕದ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿನ ಕೇಂದ್ರ ಸರ್ಕಾರ 2008ರ ಡಿಸೆಂಬರಿನಲ್ಲಿ ನರ್ಸಿಂಗ್ ಹೋಂಗಳಿಗೆ ಒಂದರಿಂದ ಐದು ನಕ್ಷತ್ರಗಳನ್ನು ಕೊಡತೊಡಗಿತು. ತಪಾಸಣೆ, ಸಿಬ್ಬಂದಿ, ಗುಣಮಟ್ಟದ ಸೂಚಿಗಳು ಎಂಬ ಮೂರು ಭಾಗಗಳಲ್ಲಿ ತಪಾಸಣೆಯೊಂದೇ ಹೊರಗಿನವರದು. ಉಳಿದೆರಡು ಮನೆಗಳೇ ಬರೆದುಕೊಟ್ಟ ಮಾಹಿತಿ. ಇದನ್ನು ಪತ್ರಿಕೆಗಳು 2014ರಲ್ಲಿ ಬಯಲಿಗೆಳೆದವು. 2016ರಿಂದ ಸಿಬ್ಬಂದಿಯ ಲೆಕ್ಕವನ್ನು ಸಂಬಳದ ದಾಖಲೆಗಳಿಂದಲೇ ಕೊಡಬೇಕಾಯಿತು, 2018ರಿಂದ ನಕ್ಷತ್ರಗಳಿಗೂ ಅದೇ ಆಧಾರವಾಯಿತು. 2020ರ ಆರಂಭದಲ್ಲಿ ಕೋವಿಡ್ ಹರಡಿ ಹಲವರು ಸತ್ತ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡಿನ ನರ್ಸಿಂಗ್ ಹೋಮಿಗೆ ಐದು ನಕ್ಷತ್ರಗಳಿದ್ದವು. ಒಂದು ಘಟನೆಯಿಂದ ಇಡೀ ಶ್ರೇಣಿ ಸುಳ್ಳೆನ್ನುವುದು ನ್ಯಾಯವಲ್ಲ. ಯಾರೂ ಕಂಡಿರದ ರೋಗ ಅದು. ಆದರೂ ಐದು ನಕ್ಷತ್ರ ಎಂದರೇನೆಂದು ಜನ ತಿಳಿದಿದ್ದರೋ ಅದಕ್ಕೂ ಅದು ಅಳೆಯುತ್ತಿದ್ದುದಕ್ಕೂ ಇದ್ದ ಅಂತರ ಅಂದು ಬೆಳಕಿಗೆ ಬಂದಿತು.

ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ 2013ರಿಂದ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನಕಗಳಿವೆ. ಪ್ರತಿ ಅಂಶಕ್ಕೆ 0, 1 ಅಥವಾ 2 ಅಂಕ. ಶೇಕಡಾ 70 ಬಂದರೆ ಪಾಸು. ಒಟ್ಟಿನ ಜೊತೆಗೆ ವಿಭಾಗವಾರು ಕನಿಷ್ಠವನ್ನೂ ಕೇಳುವುದು ಮೆಚ್ಚತಕ್ಕದ್ದು. ಖಾಸಗಿಯವರಿಗೆ ಎನ್‌ಎಬಿಎಚ್ ಮಾನ್ಯತೆಯಿದೆ, ಸಣ್ಣ ಆಸ್ಪತ್ರೆಗಳಿಗೆ ಪ್ರತ್ಯೇಕ ಮಾನಕಗಳೂ ಇವೆ. ಇವೆಲ್ಲ ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಮೂರು ದಿನ ಇದ್ದು ಹೋಗುವವರಿಗೂ ಮೂರು ವರ್ಷ ಇರುವವರಿಗೂ ಬೇಕಾದದ್ದು ಒಂದೇ ಅಲ್ಲ.

ಹೀಗಿರುವಾಗ ಸುಳ್ಳು ಹೇಳಲು ಕಷ್ಟವಾದ ಮಾಪಕಗಳನ್ನು ಹುಡುಕಬೇಕು. ನನಗೆ ಹಿಡಿಸಿದ್ದು ತೂಕದ ಯಂತ್ರ. ಒಂದು ತಿಂಗಳಲ್ಲಿ ಶೇಕಡಾ 5, ಆರು ತಿಂಗಳಲ್ಲಿ ಶೇಕಡಾ 10 ತೂಕ ಇಳಿದರೆ ಎಚ್ಚರ ವಹಿಸಬೇಕೆಂಬುದು ಹಿರಿಯರ ಆರೈಕೆಯಲ್ಲಿ ಬಳಕೆಯಲ್ಲಿರುವ ಅಳತೆಗೋಲು. 60 ಕಿಲೋಗ್ರಾಮಿಗೆ ಅದು 3 ಕಿಲೋಗ್ರಾಂ. ಅರ್ಧ ಕಿಲೋಗ್ರಾಂ ಹೆಚ್ಚುಕಡಿಮೆ ತೋರಿಸುವ ಸಾಮಾನ್ಯ ಯಂತ್ರವೂ ಇದನ್ನು ಹಿಡಿಯುತ್ತದೆ. ತಿನ್ನಿಸುವವರಿಗೆ ಪುರಸೊತ್ತಿಲ್ಲದ್ದು, ಹಲ್ಲಿನ ಸೆಟ್ಟು ಕಳೆದದ್ದು, ಊಟವೇ ಒಗ್ಗದಿರುವುದು, ಖಿನ್ನತೆ, ಒಳಗಿನ ಕಾಯಿಲೆ ಎಲ್ಲವೂ ಈ ಒಂದು ಸಂಖ್ಯೆಯಲ್ಲಿ ಸೇರಿಕೊಳ್ಳುತ್ತವೆ. ಕಾರಣವನ್ನು ಅದು ಹೇಳದು. ಕಾಲು ಬಾತುಕೊಂಡಿದ್ದರೆ ಇಳಿತವನ್ನು ಮುಚ್ಚಿಡಲೂಬಹುದು. ಆದರೆ ಮನೆಯವರು ತಾವೇ ತೂಗಿ ನೋಡಬಹುದು.

ಯಾವ ನಮೂನೆಯಲ್ಲೂ ನನಗೆ ಕಾಣದ ಒಂದು ಅಂಕಣ ಭಾಷೆಯದು. ಈ ಭಾಗದ ಆರೈಕೆದಾರರಲ್ಲಿ ಅನೇಕರು ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದವರು. ಮರೆವಿನ ಕಾಯಿಲೆಯಲ್ಲಿ ಕಲಿತ ಭಾಷೆಗಳು ಮಸುಕಾಗಿ, ತಾಯ್ನುಡಿ ಕೊನೆಗೆ ಉಳಿಯುವುದುಂಟು. ‘ಸೊಂಟ ಸೆಳೀತಾ ಇದೆ’ ಎಂದು ಕನ್ನಡದಲ್ಲೋ ತೆಲುಗಿನಲ್ಲೋ ಗೊಣಗುವ ಅಜ್ಜಿಯ ನೋವಿಗೆ ಚಾರ್ಟಿನಲ್ಲಿ ಸೊನ್ನೆ ಬೀಳುತ್ತದೆ. ಬಂದ ಹುಡುಗಿಯರಿಗೆ ನೋವು, ಬಾಯಾರಿಕೆ, ಶೌಚ, ಚಳಿಗೆ ಸಂಬಂಧಿಸಿದ ಐವತ್ತು ಮಾತು ಕಲಿಸಲು ಒಂದು ವಾರ ಸಾಕು. ಇದನ್ನು ಮಾಡಿದ್ದೀರಾ ಎಂದು ಯಾವ ತಪಾಸಣಾಧಿಕಾರಿಯೂ ಕೇಳಬಹುದು.

ದರಪಟ್ಟಿಯನ್ನು ಗೋಡೆಯ ಮೇಲೆ ಹಾಕಬೇಕೆಂದು ಕಾಯಿದೆ ಈಗಾಗಲೇ ಹೇಳುತ್ತದೆ. ಹಿರಿಯರನ್ನು ಇಟ್ಟುಕೊಳ್ಳುವ ಮನೆಗಳು ಅದರ ಪಕ್ಕದಲ್ಲಿ ಇನ್ನೂ ಮೂರು ಸಾಲು ಬರೆಯಲಿ: ಈ ತಿಂಗಳು ಹಾಸಿಗೆ ಹಿಡಿದವರು ಎಷ್ಟು, ಬರುವಾಗಲೇ ಹುಣ್ಣಿದ್ದವರು ಎಷ್ಟು, ಇಲ್ಲಿಗೆ ಬಂದ ಮೇಲೆ ಹುಣ್ಣಾದವರು ಎಷ್ಟು. ಎರಡನೆಯ ಸಾಲಿಲ್ಲದಿದ್ದರೆ ಆಸ್ಪತ್ರೆಯಿಂದ ಹುಣ್ಣಿನೊಂದಿಗೆ ಬಂದವರನ್ನು ಸೇರಿಸಿಕೊಳ್ಳುವ ಒಳ್ಳೆಯ ಮನೆಗೇ ಕೆಟ್ಟ ಹೆಸರು ಬರುತ್ತದೆ. ಶೇಕಡಾ ಲೆಕ್ಕ ಬೇಡ, ಬರಿಯ ಸಂಖ್ಯೆಗಳೇ ಇರಲಿ. ಹತ್ತು ಹನ್ನೆರಡು ಜನರಿರುವಲ್ಲಿ ಶೇಕಡಾ ದಾರಿ ತಪ್ಪಿಸುತ್ತದೆ. ಬರೆದದ್ದು ನಿಜವೇ ಎಂದು ನೋಡಲು ತಪಾಸಣೆಯವರು ತಿಂಗಳಿಗೊಮ್ಮೆ, ದಿನ ಹೇಳದೆ, ಇಬ್ಬರು ಮೂವರ ಹಿಮ್ಮಡಿ ಮತ್ತು ಸೊಂಟದ ಹಿಂಭಾಗವನ್ನು ಪರೀಕ್ಷಿಸಿದರೆ ಸಾಕಾಗುತ್ತದೆ. ಯಾರನ್ನು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು.