ಡಬ್ಬಿ ಒಳ್ಳೆಯದು, ಷೇರು?

ಗದಗಿನ ಯಾವ ಬ್ಯಾಂಕಿಗೆ ಹೋದರೂ ಒಂದು ಮೂಲೆಯಲ್ಲಿ ಕೇಬಲ್ಲುಗಳ ಗೋಜಲಿನ ನಡುವೆ ಹಸಿರು ದೀಪ ಮಿಣುಕಿಸುವ ಡಬ್ಬಿ ಇರುತ್ತದೆ. ಅದೇ ನೆಟ್‌ವರ್ಕ್ ಸ್ವಿಚ್. ಯಾವ ಕಂಪ್ಯೂಟರಿನ ಮಾಹಿತಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಅದರ ಕೆಲಸ. ಇದನ್ನು ತಯಾರಿಸುವವರ ಷೇರು ಕೊಳ್ಳುವ ಮೊದಲು ಎರಡು ವಿಷಯ ವಿಚಾರಿಸಬೇಕು: ಡಬ್ಬಿಯೊಳಗೆ ಏನಿದೆ, ಅದನ್ನು ಕೊಳ್ಳುವವರು ಯಾರು.

ಒಳಗಿನ ಮಾತಿಗೆ ಬಂದರೆ ನನ್ನ ಮೆಚ್ಚುಗೆ ಅರಿಸ್ಟಾ ಎಂಬ ಕಂಪನಿಗೆ. ಬೆಟಗೇರಿಯ ನೇಕಾರ ನೂಲನ್ನು ಹೊರಗಿನಿಂದ ತಂದರೂ ಅಂಚು, ಸೆರಗು ತನ್ನದೇ ಮಾಡಿಕೊಳ್ಳುವ ಹಾಗೆ, ಅರಿಸ್ಟಾ ಚಿಪ್ಪನ್ನು ಹೆಚ್ಚಾಗಿ ಬ್ರಾಡ್‌ಕಾಮ್‌ನಿಂದ ಕೊಂಡು ಸಾಫ್ಟ್‌ವೇರನ್ನು ತಾನೇ ಬರೆಯುತ್ತದೆ. ಇಒಎಸ್ ಎಂಬ ಆ ಸಾಫ್ಟ್‌ವೇರಿನಲ್ಲಿ ಒಂದು ಭಾಗ ಕೆಟ್ಟರೆ ಆ ಭಾಗವಷ್ಟೇ ಮತ್ತೆ ಚಾಲೂ ಆಗುತ್ತದೆ, ಉಳಿದದ್ದು ನಿಲ್ಲುವುದಿಲ್ಲ. ಎದುರಾಳಿ ಸಿಸ್ಕೊದ ಕಥೆ ಬೇರೆ. ಹಲವು ಬಗೆಯ ಡಬ್ಬಿಗೆ ಹಲವು ಬಗೆಯ ಸಾಫ್ಟ್‌ವೇರ್ ಇಟ್ಟುಕೊಂಡು ಬೆಳೆದ ಮನೆ ಅದು. 2019ರಲ್ಲಿ ಸಿಲಿಕಾನ್ ಒನ್ ಎಂಬ ಸ್ವಂತ ಚಿಪ್ಪನ್ನೂ ತಂದಿತು. ಇಬ್ಬರೂ 2014ರಿಂದ ಕೋರ್ಟಿನಲ್ಲಿ ಕಾದಾಡಿ, 2018ರಲ್ಲಿ ಅರಿಸ್ಟಾ 40 ಕೋಟಿ ಡಾಲರ್ ತೆತ್ತು ರಾಜಿಯಾಯಿತು.

ಡಬ್ಬಿ ಚೆನ್ನಾಗಿದ್ದ ಮಾತ್ರಕ್ಕೆ ಷೇರು ಚೆನ್ನಾಗಿರಬೇಕೆಂದಿಲ್ಲ. 2000ದ ಮಾರ್ಚಿನಲ್ಲಿ ಸಿಸ್ಕೊ ಜಗತ್ತಿನಲ್ಲೇ ಅತಿ ಬೆಲೆಯ ಕಂಪನಿಯಾಗಿತ್ತು, ಷೇರು 80 ಡಾಲರ್ ಮುಟ್ಟಿತ್ತು. ಎರಡೂವರೆ ವರ್ಷದಲ್ಲಿ ಅದು 10 ಡಾಲರಿಗಿಂತ ಕೆಳಗಿಳಿಯಿತು. ಹಳೆಯ ಎತ್ತರ ಮತ್ತೆ ಕಾಣಲು 2025ರ ಡಿಸೆಂಬರ್ ಬರಬೇಕಾಯಿತು. ಅಷ್ಟೂ ವರ್ಷ ಸಿಸ್ಕೊ ಸ್ವಿಚ್ಚುಗಳು ಮಾತ್ರ ತಕರಾರಿಲ್ಲದೆ ಕೆಲಸ ಮಾಡುತ್ತಲೇ ಇದ್ದವು!

ಇನ್ನು ಕೊಳ್ಳುವವರ ವಿಚಾರ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದವರ ಸೀಮೆಯಿದು. ಹಣ ಯಾರ ಕೈಗೆ ಹೋಗುತ್ತದೆ, ಯಾರಿಂದ ಬರುತ್ತದೆ ಎಂದು ಕೇಳುವುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. 2024ರಲ್ಲಿ ಅರಿಸ್ಟಾದ ಆದಾಯದ ಮೂರನೇ ಒಂದು ಪಾಲಿಗೂ ಹೆಚ್ಚು ಬಂದದ್ದು ಮೈಕ್ರೋಸಾಫ್ಟ್ ಮತ್ತು ಮೆಟಾ ಎಂಬ ಇಬ್ಬರೇ ಗಿರಾಕಿಗಳಿಂದ. ಒಬ್ಬರು ಕೈಬಿಟ್ಟರೂ ಆದಾಯಕ್ಕೆ ದೊಡ್ಡ ಪೆಟ್ಟು.

ನಮ್ಮಲ್ಲಿ ಇಂಥ ಉಪಕರಣ ತಯಾರಿಸುವವರು ಯಾರು? ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ಧಾರವಾಡದಾಚೆಯ ಕಿತ್ತೂರಿನಲ್ಲಿ. ಬರೀ 128 ಲೈನಿನದು, ಏಸಿ ಬೇಡದ್ದು. ಶಿರಹಟ್ಟಿಯ ಬಿಸಿಲು, ಲಕ್ಷ್ಮೇಶ್ವರದ ಧೂಳು ಬಲ್ಲವರಿಗೆ ಏಸಿ ಬೇಡ ಎಂಬುದರ ಬೆಲೆ ಗೊತ್ತು. ಆದರೆ ಸಿ-ಡಾಟ್ ಸರ್ಕಾರದ್ದು, ಅದರ ಷೇರು ಯಾರಿಗೂ ಸಿಗದು. ಸಿಗುವುದು 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಆಪ್ಟಿಕಲ್ ಉಪಕರಣದಿಂದ ಸ್ವಿಚ್ಚಿನವರೆಗೆ ತಯಾರಿಸುವ ತೇಜಸ್ ನೆಟ್‌ವರ್ಕ್ಸ್‌ನದು. 2017ರಲ್ಲಿ ಅದು 257 ರೂಪಾಯಿಗೆ ಪೇಟೆಗೆ ಬಂತು. 2020ರಲ್ಲಿ 50ಕ್ಕಿಂತ ಕೆಳಗೆ ಬಿತ್ತು. 2021ರಲ್ಲಿ ಟಾಟಾ ಬಳಗ ಕೈಹಾಕಿದ್ದು 258ಕ್ಕೆ. ನಾಲ್ಕು ವರ್ಷ ಕಾದವನಿಗೆ ಸಿಕ್ಕ ಲಾಭ ಒಂದು ರೂಪಾಯಿ.

2023ರಲ್ಲಿ ತೇಜಸ್‌ಗೆ ಬಿಎಸ್‌ಎನ್‌ಎಲ್‌ 4ಜಿಗಾಗಿ ಟಿಸಿಎಸ್ ಮೂಲಕ 7,492 ಕೋಟಿ ರೂಪಾಯಿಯ ಆರ್ಡರ್ ಬಂದಾಗ ಷೇರು ಜಿಗಿಯಿತು. ಆರ್ಡರ್ ಮುಗಿಯುತ್ತ ಬಂದಾಗ, 2025ರ ಏಪ್ರಿಲ್–ಜೂನ್ ಆದಾಯ ಸುಮಾರು 200 ಕೋಟಿಗೆ ಕುಸಿಯಿತು. ಹಿಂದಿನ ವರ್ಷ ಅದೇ ಅವಧಿಯಲ್ಲಿ 1,500 ಕೋಟಿ ದಾಟಿತ್ತು. ತಂತ್ರಜ್ಞಾನವೇನೂ ಮೂರು ತಿಂಗಳಲ್ಲಿ ಕೆಟ್ಟಿರಲಿಲ್ಲ.

ತೇಜಸ್ ಷೇರು ಹಿಡಿದವರು ದಿನದ ಬೆಲೆ ನೋಡುವುದು ಬಿಟ್ಟು ಮುಂದಿನ ತ್ರೈಮಾಸಿಕ ವರದಿ ತೆರೆಯಿರಿ. ಬಿಎಸ್‌ಎನ್‌ಎಲ್‌ ಅಲ್ಲದ ಇನ್ನೊಬ್ಬ ದೊಡ್ಡ ಗಿರಾಕಿ ಅಲ್ಲಿ ಕಾಣುವ ತನಕ ಹೊಸದಾಗಿ ಕೊಳ್ಳಬೇಡಿ.