ಮುಂಬಯಿಯ ಇಗರ್ಜಿಗಳಲ್ಲಿ ಪೋಪರ ಸಹಿ

ಪೋಪ್ ಎಂದರೆ ರೋಮ್ ನಗರದ ಬಿಷಪ್. ಕಥೋಲಿಕ ವಿಶ್ವಾಸದ ಪ್ರಕಾರ ಯೇಸುವಿನ ಶಿಷ್ಯ ಪೇತ್ರನ ಉತ್ತರಾಧಿಕಾರಿ. 1870ರ ಜುಲೈ 18ರಂದು ಮೊದಲ ವ್ಯಾಟಿಕನ್ ಮಹಾಸಭೆ ಈ ಪದವಿಯ ಬಗ್ಗೆ ಎರಡು ಮಾತು ಖಚಿತಪಡಿಸಿತು. ವಿಶ್ವಾಸ, ನೀತಿಗಳ ವಿಷಯದಲ್ಲಿ ಪೀಠದಿಂದ ವಿಧಿವತ್ತಾಗಿ ಘೋಷಿಸುವಾಗ ಪೋಪ್ ತಪ್ಪಲಾರರು ಎಂಬುದು ಒಂದು. ಜಗತ್ತಿನ ಪ್ರತಿ ಇಗರ್ಜಿಯ ಮೇಲೂ ಅವರಿಗೆ ನೇರವಾದ, ಪೂರ್ಣವಾದ ಅಧಿಕಾರವಿದೆ ಎಂಬುದು ಇನ್ನೊಂದು. ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ. ಆದರೆ ಆಮೇಲೆ ಅದು ಬಳಕೆಯಾದದ್ದು ಒಂದೇ ಸಲ, 1950ರ ನವೆಂಬರ್ 1ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಘೋಷಣೆಗೆ. ವಿಶ್ವಾಸಿಗಳ ಬದುಕಿಗೆ ತಟ್ಟುವುದು ಎರಡನೆಯದೇ: ಯಾವ ಊರಿಗೆ ಯಾರು ಬಿಷಪ್? ಈ ಅಧಿಕಾರ ಕಾಗದದಲ್ಲಿ ಎಷ್ಟು, ನೆಲದಲ್ಲಿ ಎಷ್ಟು ಎಂಬುದಕ್ಕೆ ಮುಂಬಯಿಯ ಇತಿಹಾಸ ಸಾಕ್ಷಿ.

ಅಲ್ಲಿ ಪೋಪರ ಕೈ ಕಟ್ಟಿದವರು ಪೋಪರೇ. 1514ರಲ್ಲಿ ಹತ್ತನೇ ಲಿಯೋ ಪೋರ್ಚುಗಲ್ ದೊರೆಗೆ, ಅವನು ಗೆದ್ದ ಪೂರ್ವದೇಶಗಳ ಇಗರ್ಜಿಗಳ ಪೋಷಕತ್ವ ಬರೆದುಕೊಟ್ಟರು. ಪದ್ರೊವಾದೊ ಎಂದು ಹೆಸರಾದ ಈ ವ್ಯವಸ್ಥೆಯಲ್ಲಿ ಖರ್ಚು ದೊರೆಯದು, ಬಿಷಪರ ಹೆಸರು ಸೂಚಿಸುವ ಹಕ್ಕೂ ದೊರೆಯದು. ಮುಜರಾಯಿ ಇಲಾಖೆಯನ್ನು ಕಂಡ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ದೊರೆಯ ಹಿಡಿತದಿಂದ ಬಿಡಿಸಿಕೊಳ್ಳಲು ರೋಮ್ 1622ರಲ್ಲಿ ಪ್ರೊಪಗಾಂಡ ಎಂಬ ಧರ್ಮಪ್ರಚಾರ ಮಂಡಳಿಯನ್ನು ಕಟ್ಟಿ ತನ್ನದೇ ಪ್ರತಿನಿಧಿಗಳನ್ನು ಕಳಿಸತೊಡಗಿತು. ಹಳೆಯ ಹಕ್ಕುಪತ್ರವನ್ನು ಮಾತ್ರ ಹರಿದು ಹಾಕಲಿಲ್ಲ. ಒಂದೇ ಹೊಲಕ್ಕೆ ಇಬ್ಬರು ಗೇಣಿದಾರರಾದರು.

1661ರಲ್ಲಿ ಪೋರ್ಚುಗಲ್, ಇಂಗ್ಲೆಂಡ್ ರಾಜಮನೆತನಗಳ ವಿವಾಹ ಒಪ್ಪಂದದಿಂದ ಮುಂಬಯಿ ದ್ವೀಪ ಇಂಗ್ಲಿಷರ ಪಾಲಾಯಿತು. ಅಲ್ಲಿನ ಪಾದ್ರಿಗಳ ನಿಷ್ಠೆ ಪೋರ್ಚುಗೀಸರತ್ತ ಎಂದು ಶಂಕಿಸಿದ ಕಂಪನಿ ಸರ್ಕಾರ 1720ರಲ್ಲಿ ಅವರನ್ನು ಹೊರಹಾಕಿ, ರೋಮ್ ನೇಮಿಸಿದ್ದ ಕಾರ್ಮೆಲ್ ಸಭೆಯ ಪ್ರತಿನಿಧಿಯನ್ನು ಬರಮಾಡಿಕೊಂಡಿತು. ಪೋಪರನ್ನೇ ಒಪ್ಪದ ಪ್ರೊಟೆಸ್ಟೆಂಟರಿಂದ ಪೋಪರ ನೇರ ಆಡಳಿತ ಬಂದದ್ದು ವಿಚಿತ್ರವೇ. 1794ರಲ್ಲಿ ಅದೇ ಸರ್ಕಾರ ಇಗರ್ಜಿಗಳನ್ನು ಪದ್ರೊವಾದೊ, ಪ್ರೊಪಗಾಂಡ ಎರಡು ಪಕ್ಷಗಳಿಗೂ ಹಂಚಿತು.

1838ರಲ್ಲಿ ಹದಿನಾರನೇ ಗ್ರೆಗರಿ ಬ್ರಿಟಿಷ್ ಸೀಮೆಯಲ್ಲಿ ಪದ್ರೊವಾದೊ ರದ್ದೆಂದು ಸಾರಿದರು. ದೊರೆಯ ಒಪ್ಪಿಗೆಯಿಲ್ಲದ ಆಜ್ಞೆ ತಮಗೆ ಅನ್ವಯಿಸದು ಎಂದರು ಪದ್ರೊವಾದೊ ಪಕ್ಷದ ಪಾದ್ರಿಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ನೇರ ಉದಾಹರಣೆ ಸಿಗಲಾರದು. 1853ರಲ್ಲಿ ಮಾಹಿಮಿನ ಸಂತ ಮೈಕೇಲರ ಇಗರ್ಜಿಯಲ್ಲಿ ಜಗಳ ತಾರಕಕ್ಕೇರಿತು. ರೋಮಿನ ಪ್ರತಿನಿಧಿ ಬಿಷಪ್ ಅನಸ್ತಾಸಿಯಸ್ ಹಾರ್ಟ್‌ಮನ್ ಒಳಗೆ ಕೂತರು. ಎದುರು ಪಕ್ಷ ಮುತ್ತಿಗೆ ಹಾಕಿ ಆಹಾರ ಸಾಮಗ್ರಿ ತಡೆಯಿತು. ಸುಮಾರು ಹದಿನೈದು ದಿನಗಳ ಬಳಿಕ ಸರ್ಕಾರ ನಡುವೆ ಬಂದು ಇಗರ್ಜಿಯನ್ನು ಎದುರಾಳಿಗಳಿಗೆ ಒಪ್ಪಿಸಿತು. ಎರಡೂ ಕಡೆಯವರು ಪೂಜೆಯಲ್ಲಿ ಪ್ರಾರ್ಥಿಸುತ್ತಿದ್ದುದು ಅದೇ ಪೋಪರಿಗಾಗಿ.

1886ರಲ್ಲಿ ಹದಿಮೂರನೇ ಲಿಯೋ ಪೋರ್ಚುಗಲ್ ಜೊತೆ ರಾಜಿ ಮಾಡಿಕೊಂಡು ಮುಂಬಯಿಯನ್ನು ಆರ್ಚ್‌ಬಿಷಪ್ ಪೀಠವಾಗಿಸಿದರು. ನಗರದ ಪದ್ರೊವಾದೊ ಇಗರ್ಜಿಗಳು, ಪಕ್ಕದ ಸಾಷ್ಟಿ ದ್ವೀಪದ ಊರುಗಳು ಹೊಸ ದಮನ್ ಧರ್ಮಪ್ರಾಂತ್ಯಕ್ಕೆ ಹೋದವು. ಒಂದೇ ಊರಲ್ಲಿ ಎರಡು ಆಡಳಿತ ಮುಂದುವರಿಯಿತು. ಕರಾವಳಿ ಕನ್ನಡನಾಡಿನಲ್ಲಿ ಇದೇ ರಾಜಿ ಒಡಕನ್ನೇ ತಂದಿತು. ಬ್ರಹ್ಮಾವರದ ಒಂದು ಸಮುದಾಯ ಪಾದ್ರಿ ನೊರೊನ್ಹಾ ಅವರ ಜೊತೆ ರೋಮನ್ನೇ ತೊರೆದು, 1889ರಲ್ಲಿ ಬಿಷಪರಾದ ಅಲ್ವಾರಿಸರ ಮೂಲಕ ಸಿರಿಯನ್ ಆರ್ಥೊಡಾಕ್ಸ್ ಸಭೆ ಸೇರಿತು.

ರಾಜಿಗಳಲ್ಲಿ ತೀರ ದುರ್ಬಲವಾದದ್ದು 1928ರದು. ದಮನ್ ಮುಂಬಯಿಯಲ್ಲಿ ವಿಲೀನವಾಯಿತು, ನಿಜ. ಆದರೆ ಆರ್ಚ್‌ಬಿಷಪ್ ಒಮ್ಮೆ ಪೋರ್ಚುಗೀಸ್, ಒಮ್ಮೆ ಬ್ರಿಟಿಷ್ ಆಗಬೇಕೆಂದು ಒಪ್ಪಲಾಯಿತು. ವ್ಯಾಟಿಕನ್ ಸಭೆ ಪೂರ್ಣಾಧಿಕಾರ ಸಾರಿದ ಐವತ್ತೆಂಟು ವರ್ಷಕ್ಕೆ ಪೋಪರ ಆಯ್ಕೆ ಪಾಸ್‌ಪೋರ್ಟಿನ ಬಣ್ಣಕ್ಕೆ ಸೀಮಿತವಾಯಿತು. ಭಾರತೀಯರಿಗಂತೂ ಜಾಗವೇ ಇರಲಿಲ್ಲ. ಗಂಟು ಬಿಚ್ಚಿದ್ದರಲ್ಲಿ ದೊಡ್ಡ ಪಾಲು 1937ರಲ್ಲಿ ಬಂದ ಇಂಗ್ಲಿಷ್ ಜೆಸ್ವಿಟ್ ಥಾಮಸ್ ರಾಬರ್ಟ್ಸ್ ಅವರದು. 1946ರಲ್ಲಿ ಸಹಾಯಕ ಬಿಷಪರಾದ ವಲೇರಿಯನ್ ಗ್ರೇಷಿಯಸ್ ಕೈಗೆ ಆಡಳಿತ ಕೊಟ್ಟು ಅವರು ಊರು ಬಿಟ್ಟರು. ರಾಜೀನಾಮೆ ಅಂಗೀಕಾರವಾದರೆ ಸರದಿ ಪೋರ್ಚುಗೀಸರದು. ಆದ್ದರಿಂದ 1950ರವರೆಗೆ ಪದವಿ ಮಾತ್ರ ಅವರ ಹೆಸರಲ್ಲೇ ಉಳಿಯಿತು. ಪೀಠದಲ್ಲಿ ಕೂರದೆಯೇ ಪೀಠ ಕಾದ ಈ ಉಪಾಯ ಯಾವ ಆಜ್ಞಾಪತ್ರಕ್ಕಿಂತಲೂ ಫಲಕಾರಿ. ಅಧಿಕಾರದ ಬಳಕೆ ಮತ್ತು ದುರುಪಯೋಗವನ್ನು ವಿಮರ್ಶಿಸುವ ‘ಬ್ಲ್ಯಾಕ್ ಪೋಪ್ಸ್’ ಪುಸ್ತಕವನ್ನು 1954ರಲ್ಲಿ ಅವರೇ ಬರೆದದ್ದು ಆಕಸ್ಮಿಕವಲ್ಲ.

1950ರ ಜುಲೈ 18ರಂದು ಪೋರ್ಚುಗಲ್ ತನ್ನ ಹಕ್ಕು ಬಿಟ್ಟಿತು. ಆ ವರ್ಷವೇ ಗ್ರೇಷಿಯಸ್ ಮುಂಬಯಿಯ ಮೊದಲ ಭಾರತೀಯ ಆರ್ಚ್‌ಬಿಷಪ್, 1953ರಲ್ಲಿ ಭಾರತದ ಮೊದಲ ಕಾರ್ಡಿನಲ್. 1964ರ ಡಿಸೆಂಬರಿನಲ್ಲಿ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಆರನೇ ಪೌಲ್ ಮುಂಬಯಿಗೆ ಬಂದಾಗ ಪೋರ್ಚುಗಲ್ ಮುನಿಸಿಕೊಂಡಿತು. ಗೋವಾ ಕೈತಪ್ಪಿ ಆಗಿನ್ನೂ ಮೂರು ವರ್ಷ.

ಹಿಂದಿನ ಪೋಪರ ಸಹಿ ಮುಂದಿನವರನ್ನು ಕಟ್ಟುವುದು ಇನ್ನೂ ನಿಂತಿಲ್ಲ. ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್ 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಆಯ್ಕೆಗೆ ಮತ ಹಾಕಿದವರಲ್ಲಿ ಒಬ್ಬರು, ಆಮೇಲೆ ಅವರ ಸಲಹಾ ಮಂಡಳಿಯ ಸದಸ್ಯರಾಗಿದ್ದವರು. 2025ರ ಮೇ ತಿಂಗಳಲ್ಲಿ ಹದಿನಾಲ್ಕನೇ ಲಿಯೋ ಆಯ್ಕೆಯಾದಾಗ ಓಸ್ವಾಲ್ಡ್ ಅವರಿಗೆ ಮತದ ಹಕ್ಕಿರಲಿಲ್ಲ. ಹಿಂದಿನ ಡಿಸೆಂಬರಿನಲ್ಲಷ್ಟೇ ಎಂಬತ್ತು ತುಂಬಿತ್ತು. ಎಂಬತ್ತು ದಾಟಿದವರು ಮತ ಹಾಕಬಾರದೆಂದು 1970ರಲ್ಲಿ ನಿಯಮ ಬರೆದವರು, ಮುಂಬಯಿಗೆ ಬಂದು ಹೋಗಿದ್ದ ಅದೇ ಆರನೇ ಪೌಲ್.